ಬೂಷ್ಟಿನ ಮುಪ್ಪು ಮತ್ತು ಕೆಲಗೇರಿಯ ಬೆಂಚು

ಹುಬ್ಬಳ್ಳಿಯ ಆಫೀಸಿನಿಂದ ನಿವೃತ್ತನಾದ ಮೇಲೆ ನನಗೆ ಮುದುಕರೆಂದರೆ ಹೆದರಿಕೆ. ಇದಕ್ಕೆ ಕಾರಣ ನನ್ನ ಮಗಳ ಬೂಷ್ಟು.

ಬೇರೆಯವರ ಮನೆಯಲ್ಲಿ ಬೂಷ್ಟು ಹಿಡಿದರೆ ಒರೆಸುತ್ತಾರೆ. ಮಾಳಮಡ್ಡಿಯ ನಮ್ಮ ಮನೆಯ ಹುಡುಗಿ ಸೆಗಣಿಯ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟನ್ನು ಪ್ರಯೋಗಾಲಯದಲ್ಲಿ ಸಾಕಿ ಸಂಶೋಧನೆ ಮಾಡುತ್ತಿದ್ದಾಳೆ. ಈ ಬೂಷ್ಟಿಗೂ ಮುಪ್ಪು ಬರುತ್ತದಂತೆ. ಗಾಜಿನ ತಟ್ಟೆಯಲ್ಲಿ ಹುರುಪಿನಿಂದ ಹರಡುತ್ತಿದ್ದದ್ದು ಒಂದು ದಿನ ಸುಸ್ತಾಗಿ ನಿಂತು ಸಾಯುತ್ತದೆ.

“ಈ ಮುಪ್ಪು ಕೋಶದ ನಡುವಿನ ಕೇಂದ್ರದಾಗ ಇಲ್ಲಪ್ಪಾ, ಸುತ್ತಲಿನ ರಸದಾಗ ಐತಿ,” ಎಂದಳು, ಊಟಕ್ಕೆ ಕೂತಾಗ. “ಆ ರಸಾ ಬರೂದು ಅವ್ವನ ಕಡಿಂದ. ಅವ್ವ ಮುದುಕಿ ಆಗಿದ್ರ ಮಕ್ಕಳಿಗೂ ಲಗೂನ ಮುಪ್ಪು ಬರತೈತಿ. ಅಪ್ಪ ಮುದುಕ ಇದ್ರ ಏನೂ ಆಗೂದಿಲ್ಲ.”

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಕೇಳಿದ್ರಿಲ್ಲ? ತಪ್ಪೆಲ್ಲಾ ಅವ್ವನ ಮ್ಯಾಲೆ ಹಾಕೂದು ಬೂಷ್ಟಿನ್ಯಾಗೂ ಬಿಟ್ಟಿಲ್ಲ!”

ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ತಾಯಿ ಎಂಬತ್ತು ದಾಟಿದ ಮೇಲೂ ಸೊಸೆಯ ಅಡಿಗೆಯಲ್ಲಿ ತಪ್ಪು ಹುಡುಕುವಷ್ಟು ಚುರುಕಾಗಿದ್ದಳು; ಹಾಗಾದರೆ ನನಗೂ ಮುಪ್ಪು ಬೇಗ ಬರಲಾರದು. ಆದರೆ ಮಗಳು ಇನ್ನೊಂದು ಮಾತು ಸೇರಿಸಿದಳು. ಮುದಿ ಬೂಷ್ಟು ಎಳೆಯ ಬೂಷ್ಟಿನೊಂದಿಗೆ ಕೂಡಿಕೊಂಡರೆ ರಸ ಹರಿದು ಎಳೆಯದೂ ಮುದಿಯಾಗುತ್ತದಂತೆ. ಅಂದರೆ ಮುಪ್ಪು ಅಂಟುತ್ತದೆ!

ಕೆಲಗೇರಿ ಕೆರೆಯ ದಂಡೆಯ ಮೇಲೊಂದು ಬೆಂಚಿದೆ. ಅರಳೆ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ ಬಸಪ್ಪಕಾಕಾ ಮತ್ತು ಅವರ ಗೆಳೆಯರು ಸಂಜೆ ಅಲ್ಲಿ ಕೂಡುತ್ತಾರೆ. ಎಲ್ಲರೂ ಎಪ್ಪತ್ತೈದು ದಾಟಿದವರು. ನಾನು ವಾಕಿಂಗಿಗೆ ಹೋದಾಗಲೆಲ್ಲ “ಬರ್ರಿ ಸಾಹೇಬ್ರ, ಇಲ್ಲೆ ಜಾಗಾ ಐತಿ” ಎಂದು ಕರೆಯುತ್ತಿದ್ದರು. ಮಗಳ ಮಾತು ಕೇಳಿದ ಮರುದಿನದಿಂದ ನಾನು ಕೆರೆಯ ಇನ್ನೊಂದು ದಂಡೆ ಹಿಡಿದೆ.

ಆ ದಂಡೆಯಲ್ಲಿ ಮುಪ್ಪಿರಲಿಲ್ಲ, ಮಾತೂ ಇರಲಿಲ್ಲ. ಆಫೀಸಿನಲ್ಲಿ ಇಡೀ ದಿನ ಹರಟಿದ ನಾಲಿಗೆಗೆ ತುಕ್ಕು ಹಿಡಿಯತೊಡಗಿತು. ನಿಜ ಹೇಳಬೇಕೆಂದರೆ, ಒಂಟಿತನ ತಡೆಯಲಾಗಲಿಲ್ಲ. ಒಂದು ಸಂಜೆ ಸೋತು ಬೆಂಚಿಗೆ ಬಂದೆ. ತುದಿಯಲ್ಲಿ ಮುದುಡಿ ಕೂತು, ಇಷ್ಟು ದಿನ ಬಾರದಿದ್ದುದಕ್ಕೆ ಕಾರಣವೆಂದು ಬೂಷ್ಟಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಜೊತೆಗೆ ನನ್ನ ಮೊಣಕಾಲು, ಬಿಪಿ, ಬಾರದ ನಿದ್ದೆ ಇವುಗಳ ವರದಿಯನ್ನೂ ಒಪ್ಪಿಸಿದೆ.

ಬಸಪ್ಪಕಾಕಾ ಗಂಭೀರವಾಗಿ ಕೇಳಿ ಗೆಳೆಯರತ್ತ ತಿರುಗಿದರು. “ಎಲ್ಲಾರೂ ಆ ಕಡಿ ಸರೀರ್ರಿ. ನಾಳೆ ನಾವು ಜೋಗ ನೋಡಾಕ ಹೊಂಟೇವಿ. ಇವರ ಮುಪ್ಪು ನಮಗ ಹತ್ತಿದ್ರ ಮೆಟ್ಟಿಲಾ ಇಳಿಯೂದು ಹೆಂಗ?”

ಬೆಂಚಿಗೆ ಬೆಂಚೇ ನಕ್ಕಿತು, ನಾನೂ ನಕ್ಕೆ. ಅವರು ಸರಿದಷ್ಟೂ ನಾನು ಅವರ ಮಗ್ಗುಲಿಗೇ ಸರಿದು ಕೂತು, ನಾಳೆಯ ಗಾಡಿಯಲ್ಲಿ ನನಗೊಂದು ಸೀಟು ಕೇಳಿದೆ. ಮುದಿ ಬೂಷ್ಟಿಗೆ ಎಳೆಯದರ ಹುರುಪು ಅಂಟುವುದಿಲ್ಲ ಎನ್ನುತ್ತಾಳೆ ಮಗಳು. ಇರಬಹುದು. ಪಾಪ, ಅದಕ್ಕೆ ಬಸಪ್ಪಕಾಕಾ ಸಿಕ್ಕಿಲ್ಲ.