ಕಾಲಿಗೆ ಕಟ್ಟಿದ ದಾರ

ಬೀದಿಯವರೆಲ್ಲ ಅವಳನ್ನು ಪೀಪಿ ಎಂದೇ ಕರೆಯುತ್ತಿದ್ದರು. ಮದುವೆಗೆ ಮುಂಚೆ ಅವಳು ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಗಂಡನ ಮನೆಗೆ ಬಂದ ವಾರದಲ್ಲಿ ಯಾರೋ ತಮಾಷೆಗೆ ಇಟ್ಟ ಹೆಸರು, ಟ್ರಂಪೆಟ್ಟು ಅಟ್ಟ ಸೇರಿದ ಮೇಲೂ ಉಳಿದುಕೊಂಡಿತು. ಒಂಬತ್ತು ವರ್ಷಗಳಾದ ಮೇಲೆ ಅದೇ ಬ್ಯಾಂಡಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ನಾಲ್ಕು ನಿಮಿಷ, ನಡುವೆ ನಿಲ್ಲಿಸದೆ ಊದಿ ರೆಕಾರ್ಡ್ ಮಾಡಿ, ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಇವತ್ತೇ ಮಂಗಳವಾರ. ಅಡುಗೆ, ಪಾತ್ರೆ, ಬಟ್ಟೆ ಮುಗಿಯುವ ಹೊತ್ತಿಗೆ ಹನ್ನೊಂದು ಹೊಡೆದಿತ್ತು.

ಪಕ್ಕದ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು, ನಡುವಿನ ಗೋಡೆ ತೆಳು. ಇನ್ನೊಂದು ಸಲ ದೂರು ಬಂದರೆ ಮನೆ ಖಾಲಿ ಮಾಡಿ ಎಂದು ಮಾಲೀಕ ಹೇಳಿ ಹೋಗಿದ್ದ. ಅದಕ್ಕೇ ಬ್ಯಾಂಡ್ ಮಾಸ್ಟರು ತಮ್ಮ ಎಲೆಕ್ಟ್ರಾನಿಕ್ ಮ್ಯೂಟನ್ನು ಕೊಟ್ಟಿದ್ದರು. ಬದನೆಕಾಯಿಯಂಥ ಒಂದು ಬಿರಡೆ. ಟ್ರಂಪೆಟ್ಟಿನ ಬಾಯಿಗೆ ತುರುಕಿದರೆ ಹೊರಗೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ಒಳಗಿನ ಮೈಕಿನಿಂದ ವೈರು ಒಂದು ಪುಟ್ಟ ಡಬ್ಬಿಗೆ, ಅಲ್ಲಿಂದ ಒಂದು ಹೆಡ್‌ಫೋನಿಗೆ, ಇನ್ನೊಂದು ಫೋನಿಗೆ. ಊದುವವಳ ಕಿವಿಯಲ್ಲಿ ಮಾತ್ರ ದೊಡ್ಡ ಸಭಾಂಗಣ ತುಂಬುವ ನಾದ.

ಆ ನಾದವೇ ಅವಳಿಗೆ ಭಯ. ಹೆಡ್‌ಫೋನ್ ಹಾಕಿದರೆ ಅತ್ತೆಯ ಸದ್ದು ಕೇಳಿಸುವುದಿಲ್ಲ.

ಪಾರ್ಶ್ವವಾಯು ಬಡಿದ ಮೇಲೆ ಅತ್ತೆಗೆ ಆಗಾಗ ಕಫ ಅಡ್ಡವಾಗಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಗ ಕೂಗಲು ದನಿ ಬಾರದು. ಗಂಟಲಿನಲ್ಲಿ ಸಣ್ಣಗೆ ಗೊರ್ ಎಂದಾಗಲೇ ಎತ್ತಿ ಕೂರಿಸಿ ಬೆನ್ನು ತಟ್ಟಬೇಕು. ಪೀಪಿ ಆ ಗೊರ್ ಅನ್ನು ನಲ್ಲಿ ಸುರಿಯುವಾಗಲೂ, ಮಿಕ್ಸಿ ತಿರುಗುವಾಗಲೂ, ನಿದ್ದೆಯಲ್ಲೂ ಹಿಡಿಯುತ್ತಿದ್ದಳು. ಅತ್ತೆ, ಮಾವ, ಗಂಡ, ಅವಳು: ಮನೆಯಲ್ಲಿ ಎಂಟು ಕಿವಿ. ಕೆಲಸ ಮಾಡುತ್ತಿದ್ದವು ಎರಡು.

"ನಾನಿಲ್ವಾ? ನೋಡ್ಕೋತೀನಿ ಬಿಡು," ಎಂದ ಗಂಡ, ಫೋನಿನಿಂದ ತಲೆ ಎತ್ತದೆ. ಅವನಿಗೆ ಇವತ್ತು ವಾರದ ರಜೆ. ಮಾವ ಕಟಿಂಗ್ ಅಂಗಡಿಗೆ ಹೋಗಿದ್ದರು.

"ನೀನು ಪಕ್ಕದಲ್ಲಿ ಕೂತಿದ್ದಾಗ್ಲೇ ಕಣೋ ಹೋದ ತಿಂಗಳು ನಾನು ನೀಲಿಗಟ್ಟಿದ್ದು," ಎಂದರು ಅತ್ತೆ. "ಬಟ್ಟೆ ಒಣಹಾಕ್ತಿದ್ದವಳು ಮಹಡಿಯಿಂದ ಓಡಿ ಬಂದ್ಲು."

ಪೀಪಿ ಉದ್ದನೆಯ ನೈಲಾನ್ ದಾರ ತಂದಳು. ಒಂದು ತುದಿಯನ್ನು ಹಾಲಿನ ಮಂಚದಲ್ಲಿದ್ದ ಅತ್ತೆಯ ಸರಿಯಿರುವ ಕೈಗೆ, ಇನ್ನೊಂದನ್ನು ನರ್ಸಮ್ಮನ ಗೋಡೆಯಿಂದ ದೂರವಿದ್ದ ಒಳಕೋಣೆಯಲ್ಲಿ ತನ್ನ ಬಲಗಾಲಿಗೆ ಬಿಗಿಯಾಗಿ ಕಟ್ಟಿಕೊಂಡಳು.

"ಏನೇ, ನನ್ನನ್ನ ಹಸು ಮಾಡ್ಬಿಟ್ಯಲ್ಲೇ!"

"ಹಸು ನಾನು ಅತ್ತೆ, ಹಗ್ಗ ನಿಮ್ಮ ಕೈಲಿದೆ. ಸ್ವಲ್ಪ ಕಸಿವಿಸಿ ಆದ್ರೂ ಎಳೀರಿ."

ಊದತೊಡಗಿದಳು. ಬಲಗಾಲು ತಾಳ ಹಾಕುತ್ತಿತ್ತು. ಕಣ್ಣು ಮಾತ್ರ ದಾರದ ಮೇಲೆಯೇ. ಮೊದಲ ನಿಮಿಷ, ಎರಡನೆಯದು. ಮೂರನೆಯ ನಿಮಿಷದಲ್ಲಿ ಒಂದು ದೀರ್ಘ ಸ್ವರ. ಅಂಥ ಕಡೆ ಮೈ ಕಲ್ಲಿನ ಹಾಗಿರಬೇಕೆಂದು ಟ್ರಂಪೆಟ್ ಹೇಳಿಕೊಟ್ಟ ಗುರುಗಳು ಕಲಿಸಿದ್ದರು. ಕಾಲು ತಾನಾಗಿಯೇ ನಿಂತಿತು.

ದಾರ ಜಗ್ಗಿತು. ಮತ್ತೆ ಜಗ್ಗಿತು, ಕಾಲು ಕಿತ್ತುಬರುವ ಹಾಗೆ.

ಹೆಡ್‌ಫೋನ್ ಕಿತ್ತೆಸೆದು ದಾರ ತೊಡರುತ್ತಾ ಓಡಿದಳು. ಅತ್ತೆ ಅರ್ಧ ಎದ್ದು ಮಂಚದ ಪಟ್ಟಿ ಹಿಡಿದಿದ್ದರು. ಮುಖ ಬಿಳಿಚಿಕೊಂಡಿತ್ತು. ಉಸಿರು ಮಾತ್ರ ಸರಾಗವಾಗಿತ್ತು.

"ಏನಾಯ್ತು ಅತ್ತೆ?"

"ನಿನಗೇನಾಯ್ತೇ? ಟಕ್ ಟಕ್ ಅಂತಿದ್ದ ದಾರ ಒಂದೇ ಸಲ ಸುಮ್ನಾಗ್ಬಿಡ್ತು. ತುತ್ತು ತಿನ್ನದೆ ಊದ್ತಿದ್ಯಲ್ಲ, ಎಲ್ಲೋ ತಲೆ ತಿರುಗಿ ಬಿದ್ಲು ಅಂದ್ಕೊಂಡೆ."

ಪೀಪಿಗೆ ನಗು ಬರಲಿಲ್ಲ. ಮಂಚದ ಅಂಚಿನಲ್ಲಿ ಕುಸಿದು ಕೂತಳು. ಎದುರಿನ ಕುರ್ಚಿಯಲ್ಲಿ ಗಂಡ ಬೆರಳಿನಿಂದ ಫೋನು ಸರಿಸುತ್ತಲೇ ಇದ್ದ. ಗಡಿಯಾರದಲ್ಲಿ ಹನ್ನೊಂದು ನಲವತ್ತು.

"ಹೋಗೇ, ಇನ್ನೊಂದ್ಸಲ ಊದು," ಎಂದರು ಅತ್ತೆ. "ಆದ್ರೆ ಕಾಲು ನಿಲ್ಲಿಸ್ಬೇಡ."

ಈ ಸಲ ದೀರ್ಘ ಸ್ವರ ಬಂದಾಗಲೂ ಅವಳು ಕಾಲು ಆಡಿಸುತ್ತಲೇ ಇದ್ದಳು. ಬಿರಡೆಯೊಳಗಿನ ಮೈಕಿಗೆ ಉಸಿರಷ್ಟೇ ಕೇಳುತ್ತದೆ, ಕಾಲಲ್ಲ. ಗುರುಗಳಿದ್ದಿದ್ದರೆ ಬೈಯುತ್ತಿದ್ದರು. ಕೊನೆಯ ಸ್ವರ ಮುಗಿದಾಗ ದಾರ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಹೆಡ್‌ಫೋನ್ ತೆಗೆದು ಹೋಗಿ ಅತ್ತೆಯ ಮೂಗಿನ ಬಳಿ ಕೈ ಹಿಡಿದಳು. ಬಿಸಿ ಉಸಿರು ತಾಗಿತು.

"ಬದುಕಿದೀನಿ ಕಣೇ. ಕಳಿಸು ಮೊದ್ಲು."

ಹನ್ನೊಂದು ಐವತ್ತೆರಡಕ್ಕೆ ಕಳಿಸಿದಳು. ಆಮೇಲೆ ಕಾಲಿನ ಗಂಟು ಬಿಚ್ಚಿ, ಆ ತುದಿಯನ್ನು ಹಿಡಿದು ಗಂಡನ ಮುಂದೆ ಕೂತಳು.

"ಕಾಲು ಕೊಡಿ."

"ಏನೇ ಇದು ಹುಡುಗಾಟ?"

"ಬ್ಯಾಂಡಿನವರು ಕರೆದ್ರೆ ಅವಳ ಕಿವಿ ಅವಳ ಜೊತೆಗೇ ಹೋಗುತ್ತಪ್ಪ," ಎಂದರು ಅತ್ತೆ. "ಆಮೇಲೆ ನನ್ನ ಉಸಿರು ನಿನ್ನ ಪಾಲಿಗೆ."

ಅವನ ಹೆಬ್ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು. ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಆ ಸದ್ದು... ಅದು ಹೇಗಿರುತ್ತೆ?"

ಪೀಪಿ ಗಂಟಲಿನಲ್ಲೇ ಸಣ್ಣಗೆ ಗೊರ್ ಎಂದು ಮಾಡಿ ತೋರಿಸಿದಳು.

ಅವನು ಫೋನು ಕೆಳಗಿಟ್ಟು ಮುಂದಕ್ಕೆ ಬಾಗಿದ.

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಮಾಡು."