ವಾರಿಜಕ್ಕನ ಎಂಟನೆಯ ಎಮ್ಮೆ

ವಾರಿಜಾ ಪೂಜಾರ್ತಿ, ವಯಸ್ಸು ಅರುವತ್ತೆಂಟು. ಕೊಲ್ಲಿ ದೇಶದ ಜುಬೈಲಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿರುವ ಯೋಗೀಶನ ತಾಯಿ, ಶರ್ವಾಣಿಯ ಅತ್ತೆ, ಒಂಬತ್ತು ವರ್ಷದ ವಿಸ್ಮಯಾಳ ಅಜ್ಜಿ. ಅವರು ಅಕ್ಷರ ಕಲಿತವರಲ್ಲ. ಭತ್ತದ ನೇಜಿ ನೆಡುವ ಗದ್ದೆಯಲ್ಲಿ ಕಲಿತ, ಪಾಡ್ದನಗಳೆಂಬ ತುಳು ಹಾಡುಗತೆಗಳನ್ನು ಗಂಟೆಗಟ್ಟಲೆ ಹಾಡಬಲ್ಲವರು. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದ ಅವರೊಂದಿಗೆ ಶುಕ್ರವಾರಗಳಂದು ಆ ಕಟ್ಟಡದ ತುಳು ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು.

ಅವುಗಳಲ್ಲಿ ಒಂದು ಹಾಡು ಮರೆತುಹೋಗಬಾರದೆಂದು ವಿಸ್ಮಯಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತೊಂದರೆ ಅಲ್ಲಿಂದಲೇ ಆರಂಭವಾಯಿತು.

“ಅಜ್ಜೀ, ತಪ್ಪು! ಹೋದ ವಾರ ಹಾಡಿನಲ್ಲಿ ಏಳು ಎಮ್ಮೆ ಇತ್ತು. ಇವತ್ತು ಎಂಟು ಹೇಳಿದ್ರಿ.”

“ಒಂದು ವಾರ ಆಯ್ತಲ್ಲ ಮಾರಾಯ್ತಿ. ಎಮ್ಮೆ ಕರು ಹಾಕುವುದು ಬೇಡವಾ?”

ಎಲ್ಲರೂ ನಕ್ಕರು. ಆದರೆ ಆ ಪುಟದ ಫೋಟೊ ಎಲ್ಲರ ಮೊಬೈಲಿಗೆ ಹೋದ ಮೇಲೆ ಹೆಂಗಸರು ದನಿಗೂಡಿಸುವುದನ್ನು ಬಿಟ್ಟು, “ವಾರಿಜಕ್ಕ, ಇದರಲ್ಲಿ ಹಾಗೆ ಇಲ್ವಲ್ಲ,” ಎನ್ನತೊಡಗಿದರು. ಕೇಳುವವರ ಮುಖ ನೋಡಿ ಹಾಡನ್ನು ಹಿಗ್ಗಿಸುವುದು, ಕುಗ್ಗಿಸುವುದೇ ವಾರಿಜಕ್ಕನ ವಿದ್ಯೆ; ಈಗ ಅದೇ ಅಪರಾಧವಾಯಿತು. ಎರಡು ಶುಕ್ರವಾರ ಅವರು ಹಾಡಲು ಬಾಯಿ ತೆರೆಯಲೇ ಇಲ್ಲ.

ಮೂರನೆಯ ಶುಕ್ರವಾರ ಮೊಮ್ಮಗಳು ಸೋತಳು. “ಹಾಡಿ ಅಜ್ಜೀ. ಇನ್ನು ತಪ್ಪು ಅಂತ ಹೇಳುವುದಿಲ್ಲ.”

“ನಿನ್ನ ಪುಸ್ತಕದಲ್ಲಿ ಖಾಲಿ ಹಾಳೆ ಉಂಟಾ?”

“ತುಂಬ ಉಂಟು.”

“ಹಾಗಾದ್ರೆ ನಾನು ಹಾಡಿದಷ್ಟು ಸಲವೂ ಹೊಸ ಹಾಳೆಯಲ್ಲಿ ಬರಿ. ಯಾವುದು ಸರಿ ಅಂತ ಕೇಳಿದವರಿಗೆ ಎಲ್ಲವನ್ನೂ ಕಳಿಸು.”

ವೀಸಾ ಮುಗಿದು ಊರಿಗೆ ಹೊರಟಾಗ ಅವರು ಬಿಟ್ಟುಹೋದದ್ದು: ಒಂದು ಜೊತೆ ರಬ್ಬರ್ ಚಪ್ಪಲಿ, ಅರ್ಧ ಬಾಟಲಿ ನೋವಿನೆಣ್ಣೆ, ಒಂದೇ ಹಾಡಿನ ಹತ್ತೊಂಬತ್ತು ಬಗೆಗಳು, ಮತ್ತು ಇಪ್ಪತ್ತನೆಯದನ್ನು ತಾವೇ ಕಟ್ಟಲು ಕುಳಿತ ಆರು ಮಂದಿ ಹೆಂಗಸರು.