ಮಲಗಿ ಅಳೆದ ಬಿಲ್ಲು

ಬಿಲ್ಲು ಅದನ್ನು ಹಿಡಿಯುವವರಷ್ಟೇ ಉದ್ದವಿರಬೇಕು ಎಂದವರು ನಮ್ಮ ಗದ್ದೆ ನೋಡಿಕೊಳ್ಳುತ್ತಿದ್ದ ಗೌಡರು. ಆ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ತಪ್ಪಿದ್ದು ಪಾಲಿಸಿದ ರೀತಿಯಲ್ಲಿ.

ಮೈಸೂರಿನಲ್ಲಿ ಬಿ.ಎ. ಪರೀಕ್ಷೆ ಮುಗಿಸಿ ಮಳವಳ್ಳಿಯ ಮನೆಗೆ ಬಂದಿದ್ದೆ. ತಂದೆ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಮದ್ದೂರಿನ ಮೇಲೆ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೊರಟುಬಿಡುವರು. ತಾಯಿ ನಾನು ನಾಲ್ಕು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ಉಳಿದ ದಿನಗಳಲ್ಲಿ ಆ ದೊಡ್ಡ ಮನೆಗೆ ನಾವಿಬ್ಬರೇ, ನಾನು ಮತ್ತು ನನ್ನನ್ನು ಸಾಕಿದ ಅಜ್ಜಿ.

ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಒಬ್ಬ ದೊರೆಸಾನಿ ಸಂಜೆಯ ಹೊತ್ತು ಹಾಸ್ಟೆಲಿನ ಹಿಂದೆ ಬಿಲ್ಲುಬಾಣ ಅಭ್ಯಾಸ ಮಾಡುತ್ತಿದ್ದರು. ಒಮ್ಮೆ ನನ್ನ ಕೈಗೂ ಕೊಟ್ಟರು. ಬಾಣ ಎಲ್ಲಿ ಬಿತ್ತೆಂದು ನಾನು ನೋಡಲಿಲ್ಲ. ಬಾಗಿದ್ದ ಮರ ಅಂಗೈಯೊಳಗೆ ಒಮ್ಮೆ ನಡುಗಿ ನೆಟ್ಟಗಾದದ್ದು ಮಾತ್ರ ಮರೆಯಲಿಲ್ಲ. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಗೌಡರ ಹತ್ತಿರ, ಸಂಡಿಗೆ ಒಣಹಾಕಿದಾಗ ಕೋತಿ ಓಡಿಸಲು ಬಿಲ್ಲು ಬೇಕು ಎಂದೆ.

“ಕ್ವಾತಿ ಓಡ್ಸಕ್ಕೆ ಬಿಲ್ಲಾ ಅಮ್ಮಣ್ಣಿ? ಬಿಯೆ ಓದ್ಬುಟ್ಟು ಕಲ್ಲು ಎಸ್ಯಕ್ಕೆ ನಾಚ್ಕೆಯಾ?” ಎಂದು ನಕ್ಕರು.

ನಕ್ಕರೂ ಮರ ತಂದುಕೊಟ್ಟರು. ಹೆಗಲ ಮೇಲೆ ಎರಡೂ ಕಡೆ ಹೊರೆ ತೂಗುಹಾಕುವ ಅಡ್ಡೆ ಮಾಡಿಸಲೆಂದು ಸೂರಿನಡಿ ಎರಡು ವರ್ಷ ಒಣಗಿಸಿದ್ದ ತಡಸಲು ಮರದ ಸೀಳು. “ಇದು ಬಗ್ತದೆ, ಮುರ್ಯಾಕಿಲ್ಲ ಕಣವ್ವ. ನಿಮ್ಮುದ್ದ ನೋಡ್ಕಂಡು ಕುಯ್ಕಳಿ. ಎಚ್ಚೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು,” ಎಂದು ಹೇಳಿ ಹೋದರು.

ಅಂದು ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಮರವನ್ನು ನಿಲ್ಲಿಸಿ ಪಕ್ಕದಲ್ಲಿ ನಿಂತರೆ ನೆತ್ತಿಯ ಮಟ್ಟಕ್ಕೆ ಗುರುತು ಹಾಕಲು ಇನ್ನೊಬ್ಬರು ಬೇಕು. ಅಜ್ಜಿಯನ್ನು ಎಬ್ಬಿಸಿದರೆ ಕಾರಣ ಹೇಳಬೇಕು. ಹಾಗಾಗಿ ಮರವನ್ನು ಪಡಸಾಲೆಯ ನೆಲದ ಮೇಲೆ ಹಾಸಿ, ಅದರ ಒಂದು ತುದಿಯನ್ನೂ ನನ್ನ ಹಿಮ್ಮಡಿಗಳನ್ನೂ ಗೋಡೆಗೆ ತಾಗಿಸಿ, ಪಕ್ಕದಲ್ಲಿ ನೇರವಾಗಿ ಮಲಗಿದೆ. ಕೈ ಹಿಂದಕ್ಕೆ ಚಾಚಿ ನೆತ್ತಿಯ ನೇರಕ್ಕೆ ಇದ್ದಿಲಿನಿಂದ ಗೀರು ಎಳೆದೆ. ನಾನು ಗಣಿತ ಓದಿದವಳು. ಆ ಅಳತೆಯಲ್ಲಿ ದೋಷವಿರಲಿಲ್ಲ.

ಎದ್ದು ಕುಳಿತಾಗ ಅಜ್ಜಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಒಳಗೆ ಹೋದಳು. ನಾನು ಗೀರಿನ ಮೇಲೆ ಗರಗಸ ಇಟ್ಟು ಕೊಯ್ದೆ.

ದೀಪ ಹಚ್ಚಿದ ಮೇಲೆ ಕೇಳಿದಳು: “ಮಲಗಿರೋರನ್ನ ಅಳೀತಾರೇನೇ?”

“ಯಾಕಜ್ಜಿ?”

“ನಿಂತೋರನ್ನ ದರ್ಜಿ ಅಳೀತಾನೆ. ಮಲಗಿಸಿ ಅಳೆಯೋದು ಜನ್ಮಕ್ಕೆ ಒಂದೇ ಸಲ, ಚಟ್ಟಕ್ಕೆ. ನಿಮ್ಮಮ್ಮನ್ನ ಅದೇ ಪಡಸಾಲೇಲಿ ಹಗ್ಗ ಹಿಡಿದು ಅಳೆದರು. ನೀನು ಮಲಗಿದ್ದೆಯಲ್ಲ, ಅದೇ ಜಾಗ.”

ಹಾಗಾದರೆ ಮರವನ್ನು ಒಲೆಗೆ ಹಾಕುತ್ತೇನೆ ಎಂದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು. ಅಷ್ಟು ಬಿಗಿಯಾಗಿ ಅವಳು ಹಿಡಿದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. “ಸುಡೋ ಹಾಗಿಲ್ಲ. ಎಸೆಯೋ ಹಾಗೂ ಇಲ್ಲ. ಈಗ ಅದರಲ್ಲಿ ನೀನಿದೀಯ.”

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹಾಗಾಗಿ ಮರುದಿನವೇ ಕೆಲಸ ಶುರುಮಾಡಿದೆ. ಗೌಡರು ಬಾಚಿಯಿಂದ ಒರಟಾಗಿ ಕೆತ್ತಿಕೊಟ್ಟರು; ನಡುವೆ ಹಿಡಿ, ಆ ಕಡೆ ಈ ಕಡೆ ತುದಿಗೆ ಹೋದಂತೆ ತೆಳುವಾಗುವ ಎರಡು ತೋಳು, ತುದಿಗಳಲ್ಲಿ ಹೆದೆ ಕೂರಲು ಒಂದೊಂದು ಕಚ್ಚು. ಮುಂದಿನದು ನನ್ನ ಕೆಲಸ. ಎರಡೂ ತೋಳು ಒಂದೇ ಸಮನಾಗಿ ಬಾಗಬೇಕು. ಪಡಸಾಲೆಯ ಗೋಡೆಗೆ ಇದ್ದಿಲಿನಲ್ಲಿ ಗೆರೆಗಳ ಚೌಕಟ್ಟು ಬರೆದೆ. ಹಿಡಿಯನ್ನು ಗೂಟಕ್ಕೆ ಸಿಕ್ಕಿಸಿ, ಕತ್ತಾಳೆ ನಾರಿನ ಹೆದೆ ಕಟ್ಟಿ, ಅದಕ್ಕೆ ಕಲ್ಲು ತೂಗುಬಿಟ್ಟು ದೂರ ನಿಂತು ನೋಡುವೆ. ಎಲ್ಲಿ ಮರ ಬಾಗದೆ ಮೊಂಡಾಗಿದೆಯೋ ಅಲ್ಲಿ ಒಳಮೈಯನ್ನು ಸೀಸೆಯ ಗಾಜಿನ ಚೂರಿನಿಂದ ಹೆರೆಯುವೆ. ಮತ್ತೆ ಕಲ್ಲು, ಮತ್ತೆ ನೋಡುವುದು. ಹೆರೆದದ್ದನ್ನು ತಿರುಗಿ ಅಂಟಿಸಲಾಗದು. ಆದ್ದರಿಂದ ದಿನಕ್ಕೆ ಹತ್ತಿಪ್ಪತ್ತು ಹೆರೆತಗಳಿಗಿಂತ ಹೆಚ್ಚು ಮಾಡುತ್ತಿರಲಿಲ್ಲ.

ಅಜ್ಜಿ ಎದುರಿಗೇ ಕೂತಿರುತ್ತಿದ್ದಳು. ಅವಳು ನೋಡುತ್ತಿದ್ದುದು ಮರವನ್ನಲ್ಲ. ನಾನು ಎಡತೋಳನ್ನು ಹೆರೆದರೆ ನನ್ನ ಎಡಗೈಯನ್ನು, ಹಿಡಿಯ ಬಳಿ ಹೆರೆದರೆ ನನ್ನ ಎದೆಯನ್ನು. ಕೆಳಗೆ ಬಿದ್ದ ಸಿಬಿರನ್ನು ಗುಡಿಸಲು ಬಿಡುತ್ತಿರಲಿಲ್ಲ. ಒಂದೂ ಬಿಡದೆ ಆರಿಸಿ ತುಳಸಿಯ ಬುಡಕ್ಕೆ ಹಾಕುವಳು.

ಕೆಲಸ ಇಲ್ಲದಾಗ ಬಿಲ್ಲು ನಡುಮನೆಯ ಮೂಲೆಯಲ್ಲಿ ಒರಗಿರುತ್ತಿತ್ತು. ಒಂದು ಸಂಜೆ ನಾನು ಬಾವಿಯಿಂದ ನೀರು ತರುವಾಗ ಒಳಗೆ ಅಜ್ಜಿಯ ಮಾತು ಕೇಳಿಸಿತು.

“ಮುಸ್ಸಂಜೇಲಿ ಮೂಲೇಲಿ ಯಾಕೆ ನಿಂತಿದೀಯೆ? ಬಾ, ಈ ಕಡೆ ಕೂತ್ಕೋ.”

ನಾನು ಹೊಸ್ತಿಲಲ್ಲಿ ಬಿಂದಿಗೆ ಹಿಡಿದು ನಿಂತೆ. ಅವಳು ತಿರುಗಿ ನನ್ನನ್ನು ನೋಡಿದಳು, ಮತ್ತೆ ಮೂಲೆಯನ್ನು ನೋಡಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಬೆಳಕೂ ಕಡಿಮೆ. ಅಷ್ಟೇ ಎಂದು ನನಗೆ ಗೊತ್ತಿತ್ತು. ಆದರೂ ಅಂದಿನಿಂದ ನಡುಮನೆಗೆ ಹೋಗುವಾಗ ಮೊದಲು ಮೂಲೆಯತ್ತ ನೋಡುವುದು ನನಗೂ ಅಭ್ಯಾಸವಾಯಿತು.

ಮೂರನೆಯ ವಾರದಲ್ಲಿ, ಕಲ್ಲಿನ ಭಾರ ಸ್ವಲ್ಪ ಹೆಚ್ಚಿಸಿದಾಗ, ಎಡತೋಳಿನ ತುದಿಯ ಹತ್ತಿರ ‘ಟಿಕ್’ ಎಂದು ಸಣ್ಣ ಸದ್ದಾಯಿತು. ನೋಡಿದರೆ ಕೂದಲೆಳೆಯಷ್ಟು ಬಿರುಕು. ಅಜ್ಜಿ ಎದ್ದು ಬಂದು ನನ್ನ ಎಡ ಮಣಿಕಟ್ಟನ್ನು ಒತ್ತಿ ಒತ್ತಿ ನೋಡಿದಳು.

ಅಂದೇ ಸಾಯಂಕಾಲ ನನಗೆ ಚಳಿ ಹತ್ತಿತು. ನಾಲೆಯ ನೀರು ಬಂದ ಮೇಲೆ ಆ ಸೀಮೆಯಲ್ಲಿ ಮಲೇರಿಯಾ ಬಾರದ ಮನೆಯಿರಲಿಲ್ಲ. ತಂದೆ ಕ್ವಿನೈನ್ ತಂದುಕೊಟ್ಟು ಹೋದರು. ಜ್ವರ ಸೊಳ್ಳೆಯಿಂದ ಬಂದದ್ದೆಂದು ನಾನು ಅಜ್ಜಿಗೆ ಎರಡು ಸಲ ಹೇಳಿದೆ. ಎರಡು ಸಲವೂ ಅವಳು “ಹೂಂ” ಅಂದಳು.

ಜ್ವರ ಏರಿದ್ದ ಒಂದು ಮಧ್ಯಾಹ್ನ ಪಡಸಾಲೆಯಿಂದ ಗರಗಸದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು, ಆಮೇಲೆ ಮೌನ, ಮತ್ತೆ ಸ್ವಲ್ಪ ಹೊತ್ತು. ಏಳಲು ನೋಡಿದೆ, ಆಗಲಿಲ್ಲ. ಜ್ವರದ ಭ್ರಮೆ ಎಂದುಕೊಂಡೆ.

ಐದು ದಿನಕ್ಕೆ ಜ್ವರ ಬಿಟ್ಟಿತು. ಗೋಡೆ ಹಿಡಿದು ನಡುಮನೆಗೆ ಬಂದು ಮೂಲೆ ನೋಡಿದೆ. ನನ್ನ ನೆತ್ತಿಗೆ ಬರುತ್ತಿದ್ದ ಬಿಲ್ಲು ತುಟಿಯವರೆಗೆ ಮಾತ್ರ ಬಂತು. ಎರಡು ತುದಿಗಳೂ ಇರಲಿಲ್ಲ. ಹೊಸ ಕಚ್ಚುಗಳನ್ನು ಕೊರೆದಿದ್ದರು.

ಹಿತ್ತಿಲಿಗೆ ತರಕಾರಿ ತಂದಿದ್ದ ಗೌಡರನ್ನು ಕೇಳಿದೆ. ಅವರು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು.

“ನಾ ಒಲ್ಲೆ ಅಂದೆ ಕಣಮ್ಮಣ್ಣಿ. ಕೇಳ್ಬೇಕಲ್ಲ ಅಮ್ಮಾರು! ‘ಆ ಅಳ್ತೆ ಅಳಿಸ್ಬೇಕಾದ್ರೆ ಇನ್ನೊಂದ್ ಅಳ್ತೆ ಬೀಳ್ಬೇಕು’ ಅಂದ್ರು. ಪಡ್ಸಾಲೇಲಿ ಮನಿಕಂಡ್ರು. ‘ಗೀರಾಕು’ ಅಂದ್ರು. ಕಣ್ಮುಚ್ಕಂಡು ಆಕ್ದೆ. ಎಲ್ಡೂ ಕಡೀಕೂ ಸಮುಕ್ಕೆ ಕುಯ್ದಿವ್ನಿ.”

“ನೀವಾದರೂ ಹೇಳಬಾರದಿತ್ತೇ ಗೌಡ್ರೇ, ಅದೆಲ್ಲ ಸುಳ್ಳು ಅಂತ?”

ಅವರು ನನ್ನ ಮುಖ ನೋಡಿದರು. “ಸುಳ್ಳು ಅಂತ ನಂಗೆಂಗ್ ಗೊತ್ತವ್ವ?”

ಅಜ್ಜಿ ಅಡಿಗೆಮನೆಯಲ್ಲಿ ನನಗೆ ಗಂಜಿ ಕಾಯಿಸುತ್ತಿದ್ದಳು. ಬೈಯಬೇಕೆಂದು ಹೋದೆ. ಎಷ್ಟೋ ವಾರಗಳ ಮೇಲೆ ಅವಳ ಮುಖ ಹಗುರವಾಗಿತ್ತು. “ಇನ್ನು ನೀನು ಹೇಗೆ ಬೇಕಾದರೂ ಬಗ್ಗಿಸ್ಕೊಳೇ,” ಅಂದಳು. “ಅದರಲ್ಲಿರೋದು ನಾನು.”

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳ ಮಾತನ್ನು ನಂಬಿದಂತಾಗುತ್ತದೆ ಎಂದು ತರ್ಕ ಮಾಡಿದೆ. ಬಿರುಕು ಕತ್ತರಿಸಿದ ತುದಿಯೊಂದಿಗೇ ಹೋಗಿತ್ತು. ಗಿಡ್ಡವಾದ ಮರ ಬಿರುಸಾಗಿದ್ದರಿಂದ ಮತ್ತೆ ಮೊದಲಿನಿಂದ ಹೆರೆಯಬೇಕಾಯಿತು. ಈ ಸಲ ಅಜ್ಜಿ ಬಿಲ್ಲನ್ನೇ ನೋಡುತ್ತಿದ್ದಳು, ಸಲಹೆಯನ್ನೂ ಕೊಡುತ್ತಿದ್ದಳು. “ಬಲಗಡೆ ಇನ್ನೂ ಜಂಬ ಕಣೇ, ಸ್ವಲ್ಪ ಇಳಿಸು.” ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ನಾನು ಮಾತ್ರ ಗಾಜು ಮರದ ಮೇಲೆ ಸರಿದಾಗಲೆಲ್ಲ ಅವಳು ಉಸಿರು ಬಿಗಿಹಿಡಿದಳೇ ಎಂದು ಕಿವಿಗೊಡುತ್ತಿದ್ದೆ.

ಶ್ರಾವಣದಲ್ಲಿ ಹೆದೆಯೇರಿಸಿದೆ. ಗೋಡೆಯ ಗೆರೆಗಳ ಮುಂದೆ ಎರಡು ತೋಳೂ ಒಂದೇ ಸಮನೆ ಬಾಗಿದವು. ಹಿತ್ತಿಲಿನ ಬಾಳೆಯ ದಿಂಡಿಗೆ ಒಂದು ಬಾಣ ಬಿಟ್ಟೆ. ಅಂಗೈಯಲ್ಲಿ ಮರ ನಡುಗಿ ನೆಟ್ಟಗಾಯಿತು; ನನಗೆ ನೆನಪಿದ್ದ ಅದೇ ನಡುಕ.

“ತಗುಲಿತೇನೇ?” ಎಂದು ಕೇಳಿದಳು. ಅಷ್ಟು ದೂರ ಅವಳಿಗೆ ಕಾಣುತ್ತಿರಲಿಲ್ಲ.

“ತಗುಲಿತು.”

“ನನಗೆ ನೋವಾಗಲಿಲ್ಲಪ್ಪ,” ಎಂದು ನಕ್ಕಳು. ನಾನು ನಗಲಿಲ್ಲ. ಆ ಬಿಲ್ಲನ್ನು ಮತ್ತೆ ಎಳೆಯಲೂ ಇಲ್ಲ.

ಮಾಘಮಾಸದಲ್ಲಿ ಅಜ್ಜಿ ತೀರಿಕೊಂಡಳು. ಕಾಯಿಲೆಯಿರಲಿಲ್ಲ. ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ವಯಸ್ಸಾಗಿತ್ತು ಎಂದು ಎಲ್ಲರೂ ಅಂದರು, ಅದು ನಿಜ. ಅವಳನ್ನು ಪಡಸಾಲೆಗೆ ತಂದು ಮಲಗಿಸಿದರು. ಬಿದಿರು ತಂದಿದ್ದ ನೆಂಟರೊಬ್ಬರು ನನ್ನತ್ತ ತಿರುಗಿ, “ಅಳತೆಗೆ ಒಂದು ಹಗ್ಗ ಕೊಡಮ್ಮ,” ಅಂದರು.

ಹಗ್ಗ ಅಲ್ಲೇ ಗೂಟದಲ್ಲಿತ್ತು. ನಾನು ಒಳಗೆ ಹೋಗಿ, ಹೆದೆ ಬಿಚ್ಚಿದ್ದ ಬಿಲ್ಲನ್ನು ಮೂಲೆಯಿಂದ ತಂದುಕೊಟ್ಟೆ. “ಅಳತೆ ಆಗಿದೆ,” ಎಂದೆ. ತಂದೆ ತಲೆಯೆತ್ತಿ ನೋಡಿದರು. ನೆಂಟರು ಅದನ್ನು ಅಜ್ಜಿಯ ಪಕ್ಕಕ್ಕಿಟ್ಟರು. ಹಿಮ್ಮಡಿಯಿಂದ ನೆತ್ತಿಗೆ ಸರಿಹೋಯಿತು. ಚಟ್ಟಕ್ಕೆ ಅಳತೆ ಕೊಟ್ಟದ್ದು ಮತ್ತೆ ಮನೆಯೊಳಗೆ ಬರಬಾರದಂತೆ. ಅದೂ ಅವಳ ಜೊತೆಗೆ ಹೋಯಿತು.

ಹದಿಮೂರು ದಿನ ಕಳೆದ ಮೇಲೆ ಅವಳ ಪೆಟ್ಟಿಗೆ ತೆಗೆದೆ. ಮಡಿಸೀರೆಗಳ ಕೆಳಗೆ ಎರಡು ತಡಸಲು ತುಂಡುಗಳಿದ್ದವು, ಅರಿಸಿನದ ದಾರದಲ್ಲಿ ಒಟ್ಟಿಗೆ ಸುತ್ತಿದ್ದವು. ಒಂದರಲ್ಲಿ ಆ ಬಿರುಕು. ನನ್ನ ಉದ್ದದಲ್ಲಿ ಅವಳ ಉದ್ದ ಕಳೆದರೆ ಉಳಿಯುವಷ್ಟು ಮರ. ದಾರವನ್ನು ನಾನು ಬಿಚ್ಚಿಲ್ಲ. ಮನೆಯಲ್ಲಿ ಅಡಿಕೋಲು ಇದೆ. ಆ ತುಂಡುಗಳ ಉದ್ದ ಎಷ್ಟೆಂದು ಇದುವರೆಗೂ ಅಳೆದು ನೋಡಿಲ್ಲ.